ವಾರಿಜಕ್ಕನ ತೂಕದ ಗಾಳಿ

ಸಂಜೀವಣ್ಣ ಯಾರ ಮನೆಗೆ ಹೋದರೂ ಕುರ್ಚಿಯಲ್ಲಿ ಸುಮ್ಮನೆ ಕೂರುವವರಲ್ಲ. ಮೊದಲು ಕೂತಲ್ಲೇ ಎರಡು ಸಲ ಕುಪ್ಪಳಿಸಿ, ಅದು ಬೆನ್ನಿಗೆ ಹಿತವೋ ಅಲ್ಲವೋ ಎಂದು ನೋಡಿ, ಆಮೇಲೆ ಮಾತು. ಒಮ್ಮೆ ಸಾವಿನ ಮನೆಯಲ್ಲೂ ಹಾಗೆ ಮಾಡಿ ಹೆಂಡತಿಯಿಂದ ಚಿವುಟಿಸಿಕೊಂಡಿದ್ದರು.

ಎಂಬತ್ತರ ದಶಕದ ನಡುವಿನ ಮಾತು. ಕುಲಶೇಖರದಲ್ಲಿ ನಾನು ಅವರ ಮನೆಯ ಪಕ್ಕದ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದೆ. ಶಾಲೆಯಲ್ಲಿ ಕನ್ನಡ ಟೀಚರು. ಸಂಜೀವಣ್ಣನಿಗೆ ಕದ್ರಿಯಲ್ಲಿ ಸಣ್ಣ ಹೋಟೆಲು. ಆದರೆ ಜೀವವೆಲ್ಲ ಮೋಟಾರುಸೈಕಲಿನ ಮೇಲೆ. ಹಳೆಯ ಗಾಡಿಯೊಂದನ್ನು ಕೊಂಡು ಅದಕ್ಕೆ ಅಗಲದ ಸೀಟು, ಒರಗಲು ದಿಂಬು, ಎರಡು ಬದಿಗೂ ಪೆಟ್ಟಿಗೆ, ಎದುರಿಗೊಂದು ಗಾಜು, ಹೀಗೆ ಏನೇನೋ ಕೂಡಿಸಿದ್ದರು. ಹೆಂಡತಿ ವಾರಿಜಕ್ಕನನ್ನು ಹಿಂದೆ ಕೂರಿಸಿಕೊಂಡು ಕನ್ಯಾಕುಮಾರಿಗೆ ಹೋಗುತ್ತೇನೆಂದು ಮದುವೆಯ ಹೊಸತರಲ್ಲೇ ಮಾತು ಕೊಟ್ಟಿದ್ದರಂತೆ.

ಆದರೆ ಕೆಲವು ವರ್ಷಗಳ ಹಿಂದೆ ಗಾಡಿ ಒಂದು ಹೊಂಡಕ್ಕೆ ಇಳಿದು ವಾರಿಜಕ್ಕನ ಬೆನ್ನು ಹಿಡಿದುಕೊಂಡಿತ್ತು. ಅಂದಿನಿಂದ ಅವರು ಆ ಸೀಟು ಹತ್ತಿರಲಿಲ್ಲ. ಕಾವೂರಿನ ತವರಿಗೆ ಅವರು ಬಸ್ಸಿನಲ್ಲಿ, ಬಸ್ಸಿನ ಹಿಂದೆ ಖಾಲಿ ಸೀಟಿನ ಗಾಡಿಯಲ್ಲಿ ಸಂಜೀವಣ್ಣ. ಬಸ್ಸು ನಿಂತಲ್ಲೆಲ್ಲ ಇವರೂ ನಿಲ್ಲುತ್ತಿದ್ದರು. ನೋಡುವವರಿಗೆ ತಮಾಷೆ, ಸಂಜೀವಣ್ಣನ ಮುಖ ಮಾತ್ರ ಸಣ್ಣದಾಗಿರುತ್ತಿತ್ತು.

ಬಹರೈನಿನಲ್ಲಿದ್ದ ವಾರಿಜಕ್ಕನ ತಮ್ಮ ಊರಿಗೆ ಬರುವಾಗ ಗಾಳಿಯ ಶಾಕ್ ಅಬ್ಸಾರ್ಬರ್ ತರುತ್ತೇನೆಂದ. ಕೂತವರ ಭಾರ ನೋಡಿ ಒಳಗಿನ ಗಾಳಿಯನ್ನು ಹೆಚ್ಚು ಕಡಿಮೆ ಮಾಡಿದರೆ ಹೊಂಡ ಬೆನ್ನಿಗೆ ತಾಗುವುದಿಲ್ಲವಂತೆ. ಅದರಲ್ಲಿ ಎರಡು ಬಗೆ. ಒಂದಕ್ಕೆ ಕೈಪಂಪಿನಿಂದ ಗಾಳಿ ಹೊಡೆಯಬೇಕು. ಇನ್ನೊಂದಕ್ಕೆ ಹ್ಯಾಂಡಲಿನಲ್ಲೇ ಸ್ವಿಚ್ಚು. ಒತ್ತಿದರೆ ಪುಟ್ಟ ಯಂತ್ರವೇ ತುಂಬಿಸುತ್ತದೆ. ಯಾವುದು ಬೇಕೆಂದು ಹೇಳಬೇಕಿತ್ತು.

ಹೋಟೆಲಿನ ಗಿರಾಕಿಗಳಲ್ಲಿ ಎರಡು ಪಕ್ಷಗಳಾದವು. ನನ್ನನ್ನೂ ಸಂಜೀವಣ್ಣ ಬಿಡಲಿಲ್ಲ. ನಾನು ಕನ್ನಡ ಕಲಿಸುವವಳು, ಗಾಳಿಯ ವಿಷಯ ನನಗೇನು ಗೊತ್ತು ಎಂದರೆ, ನಿಮ್ಮ ಪುಸ್ತಕದಲ್ಲಿ ಗಾಳಿಯ ಪಾಠವೇ ಇಲ್ಲವಾ ಎಂದು ಕೇಳಿದರು. ಪೀಡೆ ತಪ್ಪಲೆಂದು ಸ್ವಿಚ್ಚಿನದ್ದೇ ಸುಲಭ ಎಂದೆ.

“ಸ್ವಿಚ್ಚು ಒತ್ತಿದ್ರೆ ಯಾರು ಕೂತರೂ ಒಂದೇ ಟೀಚರೇ. ಪಂಪು ಹೊಡೆಯುವಾಗ ಯಾರಿಗೆ ಅಂತ ನೆನಪಿರ್ತದೆ.”

ಕೈಪಂಪಿನದ್ದೇ ಬಂತು. ಈಗ ವಾರಿಜಕ್ಕನ ತೂಕ ಗೊತ್ತಾಗಬೇಕಿತ್ತು. ಅವರು ಸುತರಾಂ ಹೇಳಲಿಲ್ಲ. ಸಂಜೀವಣ್ಣ ತಾವೇ ಲೆಕ್ಕ ಹಾಕಿ, ಬೈಹುಲ್ಲಿನಲ್ಲಿ ಉಂಡೆಯಾಗಿ ಕಟ್ಟಿದ, ಒಂದೊಂದೂ ಸುಮಾರು ನಲವತ್ತು ಕಿಲೋ ತೂಗುವ ಅಕ್ಕಿಮುಡಿ ಎರಡನ್ನು ಹೋಟೆಲಿನಿಂದ ತಂದು ಹಿಂದಿನ ಸೀಟಿಗೆ ಬಿಗಿದರು. ಗಾಳಿ ಹೊಡೆದು, ಕದ್ರಿ ಗುಡ್ಡವನ್ನು ಹತ್ತಿ ಇಳಿದು, ಮತ್ತೆ ಹೊಡೆದರು. ಅಕ್ಕಿಯನ್ನು ಮನೆಮನೆಗೆ ತಲುಪಿಸುವ ವ್ಯಾಪಾರ ಶುರುವಾಯಿತಾ ಎಂದು ಜನ ಕೇಳಿದರು. ಹೊಂಡ ಬಂದಾಗ “ಗಟ್ಟಿ ಹಿಡ್ಕೊ ವಾರಿಜಾ” ಎಂದು ಮುಡಿಗೆ ಹೇಳುತ್ತಿದ್ದುದನ್ನು ನಾನೇ ಕೇಳಿದ್ದೇನೆ.

ಕೊನೆಗೆ ಒಂದು ಭಾನುವಾರ ವಾರಿಜಕ್ಕ ಸೀಟು ಹತ್ತಿದರು. ರಸ್ತೆಯ ತಿರುವು ದಾಟುವ ಮೊದಲೇ ಇಳಿದು, ಸೊಂಟಕ್ಕೆ ಕೈಯಿಟ್ಟುಕೊಂಡು ನಡೆದೇ ಬಂದರು. ಹಲಗೆಯ ಮೇಲೆ ಕೂರಿಸಿ ಕುಟ್ಟಿದ ಹಾಗಾಯಿತಂತೆ.

“ನಾನು ಎರಡು ಮುಡಿ ಇದ್ದೇನಾ? ನನ್ನನ್ನು ಒಮ್ಮೆ ಸರಿಯಾಗಿ ನೋಡಿ ಮಾರಾಯ್ರೆ.”

ನನಗೆ ನಗು ತಡೆಯಲಿಲ್ಲ. ಸಂಜೀವಣ್ಣ ನಗಲಿಲ್ಲ. ಅಂದೇ ಹೋಟೆಲಿನ ತಕ್ಕಡಿಯಲ್ಲಿ ತೂಗಿದರೆ ವಾರಿಜಕ್ಕ ಒಂದು ಮುಡಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಎರಡು ಮುಡಿಗೆಂದು ಹೊಡೆದ ಗಾಳಿ ಅವರಿಗೆ ತೀರಾ ಗಟ್ಟಿಯಾಗಿತ್ತು. ಬೆನ್ನುನೋವಿನ ವರ್ಷಗಳಲ್ಲಿ ಊಟ ಸೇರದೆ ಇಳಿದುಹೋಗಿದ್ದರು. ಸಂಜೀವಣ್ಣ ನಮ್ಮ ಜಗಲಿಗೆ ಬಂದು ಕೂತರು.

“ಇಷ್ಟು ವರ್ಷ ಬಸ್ಸಿನ ಹಿಂದೆ ಹೋದೆ ಟೀಚರೇ. ಇವಳು ಇಷ್ಟು ಇಳಿದದ್ದು ನಾನು ನೋಡ್ಲೇ ಇಲ್ಲ.”

ಮರುದಿನ ಹೆಂಡತಿಯನ್ನು ಸೀಟಿನಲ್ಲಿ ಕೂರಿಸಿ, ತಾವು ಕೆಳಗೆ ಕುಕ್ಕರಗಾಲಿನಲ್ಲಿ ಕೂತು, ಗಾಳಿಯನ್ನು ಚೂರು ಚೂರೇ ಬಿಟ್ಟರು. ಈಗ ಹೇಗೆ, ಈಗ ಹೇಗೆ ಎಂದು ಕೇಳುತ್ತಲೇ ಇದ್ದರು. ಸಾಕು ಎಂದು ವಾರಿಜಕ್ಕ ಅವರ ಭುಜ ತಟ್ಟಿದಾಗ ಕಾವೂರಿಗೆ ಹೊರಟರು. ಮಳೆಗಾಲ ಮುಗಿದ ಮೇಲೆ ಕನ್ಯಾಕುಮಾರಿಗೂ ಹೋಗಿ, ನನಗೆ ಅಲ್ಲಿಯ ಬಣ್ಣದ ಮರಳು ತಂದುಕೊಟ್ಟರು.

ಆಮೇಲೆ ನನಗೆ ಬೇರೆ ಊರಿಗೆ ವರ್ಗವಾಗಿ ವರ್ಷಗಳು ಕಳೆದವು. ಸಂಜೀವಣ್ಣ ತೀರಿಕೊಂಡ ಸುದ್ದಿ ತಿಳಿಯುವಾಗ ತಡವಾಗಿತ್ತು. ನೋಡಲು ಹೋದಾಗ ವಾರಿಜಕ್ಕ ಜಗಲಿಯಲ್ಲಿ ಒಬ್ಬರೇ ಕೂತಿದ್ದರು.

“ಕನ್ಯಾಕುಮಾರಿಯಿಂದ ಬಂದ ಮೇಲೆ ದಿನಾ ಕೇಳ್ತಿದ್ರು, ಊಟ ಆಯಿತಾ, ಎಷ್ಟು ಊಟ ಮಾಡಿದ್ದಿ ಅಂತ. ಗಾಳಿ ಎಷ್ಟು ಹೊಡೆಯಬೇಕು ಅಂತ ಗೊತ್ತಾಗ್ಬೇಕಲ್ಲ ಅಂತ ಹೇಳ್ತಿದ್ರು. ಗಾಡಿ ತೆಗೆಯದ ದಿನವೂ ಕೇಳ್ತಿದ್ರು.”

ನನಗೆ ಅಳು ಬಂತು. ಮಧ್ಯಾಹ್ನ ಕಳೆದು ಬಹಳ ಹೊತ್ತಾಗಿತ್ತು. ಊಟ ಆಯಿತಾ ವಾರಿಜಕ್ಕ ಎಂದು ಕೇಳಿದೆ. ಇನ್ನೂ ಇಲ್ಲ ಎಂದರು. ಕೈಹಿಡಿದು ಎಬ್ಬಿಸಿ ಒಳಗೆ ಕರೆದುಕೊಂಡು ಹೋಗಿ, ನಾನೇ ಬಡಿಸಿದೆ.