ಗಜಪಡೆಯ ಕಲ್ಲಂಗಡಿ ವೀರ

ಮುಷರಫ ಹುಟ್ಟಿದ್ದು ಹುಬ್ಬಳ್ಳಿ ಪಕ್ಕದ ಗಬ್ಬೂರಿನಲ್ಲಿ. ಬೆಳೆದದ್ದು ಮಾತ್ರ ಗಬ್ಬೂರಿಗೆ ಹಿಡಿಸದಷ್ಟು. ಇಪ್ಪತ್ತು ತುಂಬುವ ಹೊತ್ತಿಗೆ ಅವನನ್ನು ದೂರದಿಂದ ಕಂಡ ಆಟೋದವರು ಖಾಲಿ ಗಾಡಿಯಲ್ಲೇ ಕೂತು "ಖಾಲಿ ಇಲ್ಲ" ಅನ್ನತೊಡಗಿದರು. ಅವನ ತಾಯಿ ರಾಜಬಿ ಮನೆಯ ಬಾಗಿಲ ಮೇಲಿನ ಚೌಕಟ್ಟಿಗೆ ಹಳೆಯ ಕೌದಿ ಸುತ್ತಿದ್ದಳು. ಮಗನ ಹಣೆ ಉಳಿಯಲಿ ಎಂದಲ್ಲ, "ಹಣಿ ತಾನ ವಾಸಿ ಆಗತೈತಿ, ಚೌಕಟ್ಟು ಆಗತೈತೇನು?" ಎಂದು.

ತಂದೆ ಅಬ್ದುಲಮಜೀದನದು ಅಮರಗೋಳದ ಮಾರುಕಟ್ಟೆಯಲ್ಲಿ ಕಲ್ಲಂಗಡಿಯ ಸಗಟು ವ್ಯಾಪಾರ. ಅಲ್ಲಿ ಹಣ್ಣಿನ ಲಾರಿ ಬಂತೆಂದರೆ ಆಳುಗಳು ಲಾರಿಯಿಂದ ಅಂಗಡಿಯವರೆಗೆ ಸಾಲಾಗಿ ನಿಲ್ಲುತ್ತಾರೆ. ಹಣ್ಣು ಕೈಯಿಂದ ಕೈಗೆ ಹಾರುತ್ತ ಹೋಗುತ್ತದೆ. ಈ ಸಾಲಿಗೆ ಶಾಸ್ತ್ರ ಎಂಬುದೇನಾದರೂ ಇದ್ದರೆ ಇಷ್ಟೇ: ಎದುರಿನವನ ಕೈ ಬಿಚ್ಚಿ ಚಾಚಿದೆಯೋ, ಎಸೆದುಬಿಡು. ಹಿಡಿದುಕೊಂಡು ನಿಂತೆಯೋ, ಹಿಂದಿನ ಹಣ್ಣು ನಿನ್ನ ಎದೆಗೆ. ಮುಷರಫ ಈ ಶಾಸ್ತ್ರದಲ್ಲಿ ಪಂಡಿತ. ಹಣ್ಣು ಅವನ ಕೈಗೆ ಬಂದದ್ದು ಹಣ್ಣಿಗೇ ಗೊತ್ತಾಗುತ್ತಿರಲಿಲ್ಲ.

ಆ ಕೈಗಳನ್ನು ಒಂದು ದಿನ ಹತ್ತಿ ವ್ಯಾಪಾರಿ ಕುಮಾರಸ್ವಾಮಿ ನೋಡಿದರು. ಜೀವನದಲ್ಲಿ ನೆಮ್ಮದಿ ಹೆಚ್ಚಾಯಿತೆಂದು ಒಂದು ಬಾಸ್ಕೆಟ್‌ಬಾಲ್ ತಂಡ ಕಟ್ಟಿಕೊಂಡವರು ಅವರು. ತಂಡದ ಹೆಸರು ಹುಬ್ಬಳ್ಳಿ ಗಜಪಡೆ. ಆನೆಯ ಗಾತ್ರದವರು ಯಾರೂ ಇರಲಿಲ್ಲ, ಆನೆಯ ವೇಗ ಎಲ್ಲರಿಗೂ ಇತ್ತು; ರಾಜ್ಯದ ಲೀಗಿನಲ್ಲಿ ಪಟ್ಟಿಯ ತಳ ಅವರಿಗೆ ಕಾಯಂ.

"ಮಜೀದಸಾಬ್ರ, ಮಗನ್ನ ನನಗ ಕೊಡ್ರಿ. ತಿಂಗಳ ಪಗಾರ ಕೊಡ್ತೇನಿ."

"ಯಾಕ್ರೀ ಸಾವ್ಕಾರ್ರ, ಹತ್ತಿ ಗಂಟಿನ ರಾಶಿಗೆ ಕೈ ಮುಟ್ಟವಲ್ದೇನು?"

ಚೌಕಾಶಿ ನಡೆದು ಒಪ್ಪಂದವಾಯಿತು: ಒಂದು ಸೀಜನ್. ಸೀಜನ್ ಮುಗಿದಾಗ ಗಜಪಡೆಗೆ ಬೇಕಾದರೆ ಉಳಿಯಲಿ, ಬೇಡವಾದರೆ ಬೇಸಿಗೆಯ ಹೊತ್ತಿಗೆ ಲಾರಿಯ ಸಾಲಿಗೆ ವಾಪಸು.

ತರಬೇತಿ ಕೊಡುವವರು ದಾಕ್ಷಾಯಿಣಿ ಮೇಡಂ. ಧಾರವಾಡದವರು. ಬೈದರೂ ಬಹುವಚನದಲ್ಲೇ ಬೈಯುವರು. ಅವರು ಮುಷರಫನಿಗೆ ನಿಯಮ ಹೇಳಿಕೊಟ್ಟರು, ಓಡಿಸಿದರು, ಜಿಗಿಸಿದರು. ಎದುರಾಳಿಯಿಲ್ಲದ ಅಭ್ಯಾಸದಲ್ಲಿ ಅವನು ಸಿಡಿಲಿನಂತೆ ಚೆಂಡು ದಾಟಿಸಿದ. ಹುಬ್ಬಳ್ಳಿಯ ಭಾಗ್ಯೋದಯವಾಯಿತೆಂದು ಕುಮಾರಸ್ವಾಮಿ ಪೇಢೆ ಹಂಚಿದರು.

ಮೊದಲ ಪಂದ್ಯ. ಚೆಂಡು ಮುಷರಫನ ಕೈಗೆ ಬಂತು. ಎದುರಾಳಿ ತಂಡದವನೊಬ್ಬ ಅವನನ್ನು ತಡೆಯಲು ಎರಡೂ ಕೈ ಬಿಚ್ಚಿ ಚಾಚಿ ಎದುರು ನಿಂತ. ಅಮರಗೋಳದಲ್ಲಿ ಹಾಗೆ ನಿಲ್ಲುವುದಕ್ಕೆ ಒಂದೇ ಅರ್ಥ. ನಮ್ಮ ವೀರ ಚೆಂಡನ್ನು, ಒಡೆಯಬಾರದೆಂಬ ಕಾಳಜಿಯಿಂದ, ಅವನ ಕೈಗೇ ಹಾಕಿದ. ಪಡೆದವನು ಗಾಬರಿಯಾಗಿ "ಥ್ಯಾಂಕ್ಸ್" ಅಂದು, ಓಡಿಹೋಗಿ ಬುಟ್ಟಿಗೆ ಹಾಕಿ ಬಂದ.

ಹೀಗೆ ಮತ್ತೆ ಮತ್ತೆ ನಡೆಯಿತು. ವಿರಾಮದಲ್ಲಿ ನಾಯಕ ಕಲ್ಲೇಶ ಮೈಮೇಲೆ ಏರಿ ಬಂದ.

"ಲೇ, ಅಂವ ನಿಮ್ಮ ಬೀಗರ ಪೈಕಿ ಏನಲೇ?"

"ಕೈ ಚಾಚಿದ್ದನಣ್ಣಾ..."

"ಕಸಗೊಳ್ಳಾಕ ಚಾಚಿದ್ದಲೇ, ಖೋಡಿ!"

"ಕಸಗೊಳ್ಳೂ ತ್ರಾಸ ಯಾಕ ಕೊಡಬೇಕಣ್ಣಾ ಅಂತ ಕೈ ತಾನ ಕೊಟ್ಟುಬಿಡತೈತಿ. ನಾ ಏನ್ ಮಾಡ್ಲಿ?"

ನಾಲ್ಕಾರು ಪಂದ್ಯಗಳಲ್ಲಿ ಮುಷರಫ ಪ್ರಸಿದ್ಧನಾದ. ಅವನ ದಾನದ ವಿಡಿಯೋಗಳನ್ನು ಜನ 'ಚೆಂಡು ಭಾಗ್ಯ' ಎಂದು ಹೆಸರಿಟ್ಟು ಊರೂರಿಗೆ ಕಳಿಸಿದರು. ಕುಮಾರಸ್ವಾಮಿ ಪೇಢೆ ನಿಲ್ಲಿಸಿದರು. "ಇನ್ನೊಂದ ಮ್ಯಾಚ್ ನೋಡ್ತೇನಿ. ಸುಧಾರಿಸದಿದ್ರ ಸೀಜನ್ ಮುಗಿಯೂದಕ್ಕೂ ಕಾಯಂಗಿಲ್ಲ."

ಮುಷರಫ ದಾಕ್ಷಾಯಿಣಿಯವರ ಮುಂದೆ ಬಂದು ನಿಂತ. "ಮೇಡಂ, ನನ್ನ ತಗೀಬ್ಯಾಡ್ರಿ. ಮನ್ಯಾಗ ಬಗ್ಗತೇನಿ, ಅಂಗಡ್ಯಾಗ ಬಗ್ಗತೇನಿ, ಬಸ್ಸಿನ್ಯಾಗ ಮಡಚಿಕೊಂಡು ನಿಂದರ್ತೇನಿ. ಈ ಅಂಗಳದಾಗ ಒಂದ ನಾ ನೆಟ್ಟಗ ನಿಂತೇನ್ರಿ."

ಮೇಡಂ ಮರುದಿನ ಹುಡುಗನ ರೋಗ ಎಲ್ಲಿಂದ ಬಂತೆಂದು ನೋಡಲು ಅಮರಗೋಳಕ್ಕೇ ಹೋದರು. ಲಾರಿ ಖಾಲಿಯಾಗುತ್ತಿತ್ತು, ಅಭ್ಯಾಸವಿಲ್ಲದ ಹೊತ್ತೆಂದು ಮುಷರಫನೂ ಸಾಲಿನಲ್ಲಿದ್ದ. ಮೇಡಂ ಅಂಗಡಿಯ ಮುಂದೆ ನಿಂತು, "ಮಜೀದಸಾಹೇಬ್ರ, ಏನಿದು ನಿಮ್ಮ ಮಗಂದು!" ಎಂದು ಎರಡೂ ಕೈ ಚಾಚಿ ಕೇಳಿದರು. ಕೇಳುತ್ತಿದ್ದಂತೆ ಸಾಲಿನಿಂದ ಒಂದು ಕಲ್ಲಂಗಡಿ ಹಾರಿ ಬಂದು ಅವರ ತೋಳಲ್ಲಿ ಕೂತಿತು. ಎಸೆದ ಆಳು ಅವರ ಮುಖ ನೋಡಿರಲೇ ಇಲ್ಲ. ಹಣ್ಣನ್ನು ಇಲಕಲ್ ಸೀರೆಗೆ ಅವಚಿಕೊಂಡು ಮೇಡಂ ಮೊದಲು ಬೆಚ್ಚಿದರು, ಆಮೇಲೆ ನಕ್ಕರು, ಆಮೇಲೆ ಹಣ್ಣಿನ ಸಮೇತ ಆಟೋ ಹತ್ತಿದರು.

ಸಂಜೆ ಅಭ್ಯಾಸದಲ್ಲಿ ಹೊಸ ಅಪ್ಪಣೆ ಹೊರಟಿತು. "ಗಜಪಡೆಯವರು ಇನ್ನ ಮ್ಯಾಲೆ ಯಾರೂ ಕೈ ಚಾಚಬಾರದು. ಚೆಂಡು ಬೇಕಾದ್ರ ಮುಷ್ಟಿ ಬಿಗಿದು ಎದಿಗೆ ಇಟಗೋರಿ. ಮುಷರಫ, ಬಿಚ್ಚಿದ ಕೈ ವೈರಿದು, ಮುಷ್ಟಿ ನಮ್ಮದು. ತಿಳೀತೇನ್ರಿ?"

ಮುಷರಫನಿಗೆ ತಿಳಿಯಿತು, ಉಳಿದವರಿಗೆ ಹುಚ್ಚೆನಿಸಿತು. ಆದರೆ ಮುಂದಿನ ಪಂದ್ಯದಲ್ಲಿ ಅದ್ಭುತವಾಯಿತು. ಕೈ ಚಾಚದೆ ಮುಷ್ಟಿ ಬಿಗಿದು ನಿಂತ ಕಲ್ಲೇಶನಿಗೆ ಚೆಂಡು ಬೇಡವೆಂದು ತಿಳಿದು ಎದುರಾಳಿಗಳು ಅವನನ್ನು ಕಾಯುವುದನ್ನೇ ಬಿಟ್ಟರು. ಅದೇ ಹೊತ್ತಿಗೆ ಚೆಂಡು ಬಂತು, ಮುಷ್ಟಿ ಬಿಚ್ಚಿತು, ಬುಟ್ಟಿ ತುಂಬಿತು. ಗಜಪಡೆ ಗೆದ್ದಿತು. ಮತ್ತೆ ಗೆದ್ದಿತು. ಪಟ್ಟಿಯ ತಳದಲ್ಲಿ ಜಾಗ ಖಾಲಿಯಾಗಿ ಬೇರೆಯವರಿಗೆ ಸಿಕ್ಕಿತು. ಬೆಂಗೇರಿಯ ದರ್ಜಿಗಳು ಮುಷರಫನ ಹೆಸರಿನ ಅಂಗಿ ಹೊಲಿದು ಸುಸ್ತಾದರು. ಆಟೋದವರು "ಕಾಲ ಹೊರಗ ಇಟ್ಟಾದ್ರೂ ಕೂಡ್ರಿ ಸಾಹೇಬ್ರ" ಎಂದು ಜಗಳವಾಡಿದರು. ಕುಮಾರಸ್ವಾಮಿ ಮಾತ್ರ ಮುಂದಿನ ವರ್ಷದ ಮಾತೆತ್ತಲಿಲ್ಲ. ಕಡೆಯ ಗಂಟು ಬಿಚ್ಚಿ ನೋಡದೆ ಹತ್ತಿಗೆ ದರ ಹೇಳುವ ಜಾತಿಯವರಲ್ಲ ಅವರು. "ಫೈನಲ್ ಆಗ್ಲಿ, ನೋಡೂಣು" ಅಂದರು.

ಫೈನಲ್ ನಡೆದದ್ದು ಧಾರವಾಡದಲ್ಲಿ, ಕರಾವಳಿಯ ತಂಡದ ಎದುರು. ಅಬ್ದುಲಮಜೀದ ಅಂಗಡಿ ಮುಚ್ಚಿ, ಆಳುಗಳನ್ನೆಲ್ಲ ಲಾರಿಯಲ್ಲಿ ತುಂಬಿಕೊಂಡು ಬಂದ. ಬೇಸಿಗೆ ಹತ್ತಿರವಾಗಿತ್ತು, ಸಾಲಿನಲ್ಲಿ ಮಗನ ಜಾಗ ಹಾಗೇ ಕಾದಿರಿಸಿದ್ದ.

ಕರಾವಳಿಯವರು ಮೀನು ತಿಂದು ಬೆಳೆದ ಬುದ್ಧಿವಂತರು. ಎಲ್ಲ ವಿಡಿಯೋ ನೋಡಿಕೊಂಡೇ ಬಂದಿದ್ದರು. ಕೊನೆಯ ಕ್ಷಣಗಳು. ಗಜಪಡೆ ಒಂದೇ ಅಂಕ ಹಿಂದೆ. ಚೆಂಡು ಮುಷರಫನ ಕೈಗೆ ಬಂದದ್ದೇ ತಡ, ಕರಾವಳಿಯ ಐವರೂ ಮುಷ್ಟಿ ಬಿಗಿದು ಎದೆಗಿಟ್ಟುಕೊಂಡರು! ಅಂಗಳದ ತುಂಬ ಮುಷ್ಟಿಗಳು. ಯಾವುದು ನಮ್ಮದು, ಯಾವುದು ಅವರದು? ಅಂಗಿಯ ಬಣ್ಣ ನೋಡುವುದು ಆ ಕೈಗಳಿಗೆ ಗೊತ್ತೇ ಇರಲಿಲ್ಲ.

ಮುಷರಫ ಹುಟ್ಟಿದಾಗಿನಿಂದ ಮಾಡದ ಕೆಲಸ ಮಾಡಿದ: ಹಿಡಿದುಕೊಂಡು ನಿಂತ.

ಆಳುಗಳಿಗೆ ಎದೆಯೊಡೆದಂತಾಯಿತು. "ಬಿಡೋ ಮುಷರಫಾ! ಬಿಡೋ!" ಎಂದು ಇಡೀ ಅಮರಗೋಳ ಕಿರುಚಿತು. ಅಬ್ದುಲಮಜೀದ ಕುರ್ಚಿ ಹತ್ತಿ ಎಲ್ಲರಿಗಿಂತ ಜೋರಾಗಿ ಕಿರುಚಿದ. ಮುಷರಫ ಬಿಡಲಿಲ್ಲ. ಅವನು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಕಡೆಗೆ ಮೇಲೆ ನೋಡಿದ. ಎಲ್ಲರ ಕೈಯೂ ಎದೆಯ ಮೇಲೆ. ಅವನಿಗೂ ಬುಟ್ಟಿಗೂ ನಡುವೆ ಒಂದೇ ಒಂದು ಕೈ ಎದ್ದಿರಲಿಲ್ಲ.

ನೆಟ್ಟಗೆ ನಿಂತು ಎಸೆದ. ಚೆಂಡು ಉಂಗುರದ ಅಂಚಿಗೆ ಬಡಿದು, ಮೇಲೆ ಹಾರಿ, ಒಂದು ಸುತ್ತು ಸುತ್ತಿ, ಯಾರನ್ನೋ ಕೇಳಿ ಬಂದಂತೆ ತಡವಾಗಿ ಒಳಗಿಳಿಯಿತು.

ಗೆಲುವಿನ ಗಲಾಟೆ ಇಳಿದ ಮೇಲೆ ಕುಮಾರಸ್ವಾಮಿ ಮಜೀದನನ್ನು ಹುಡುಕಿಕೊಂಡು ಬಂದರು. "ಸಾಬ್ರ, ಹುಡುಗ ಇನ್ನ ನಮ್ಮಾಂವ. ಬ್ಯಾಸಿಗಿಗೂ ಕೊಡಂಗಿಲ್ಲ."

ಕಿರುಚಿ ಕಿರುಚಿ ಅಬ್ದುಲಮಜೀದನ ದನಿ ಬಿದ್ದುಹೋಗಿತ್ತು. ಪಿಸುಗುಟ್ಟಿದ: "ನೀವ ಇಟಗೋರಿ ಸಾವ್ಕಾರ್ರ. ಹಿಡಕೊಂಡು ನಿಂದರೂದು ಕಲತಾನ. ಇನ್ನ ನನ್ನ ಲಾರಿಗೆ ನಡೆಯಂಗಿಲ್ಲ." ಹೇಳಿ, ಮುಖ ಆ ಕಡೆ ತಿರುಗಿಸಿ, ಟವೆಲ್ಲಿನಿಂದ ಬೆವರು ಎಂಬಂತೆ ಕಣ್ಣು ಒರೆಸಿಕೊಂಡ.

ಮುಷರಫ ಆಳುಗಳ ಹೆಗಲ ಮೇಲಿದ್ದ. ಕೆಳಗಿನಿಂದ ದಾಕ್ಷಾಯಿಣಿ ಮೇಡಂ ಕೂಗಿದರು: "ಸೋಮವಾರ ಮುಂಜಾನೆ ಲಗೂ ಬರ್ರಿ, ಸಾಹೇಬ್ರ. ಆ ಎಸೆತ ನಸೀಬಿಂದು. ಇನ್ನ ಕಲಿಯೂದು ಭಾಳ ಐತಿ!"