ನೋಡದೆ ಎಸೆದ ರಕ್ತ

ನನ್ನ ಮಂಡಿ ಸವೆದಿದ್ದು ಹಾಡಿ ದಾರಿಯಲ್ಲಿ. ಬೀಚನಹಳ್ಳಿ ದಾಟಿ, ಕಾಲುವೆ ಏರಿ ಮೇಲೆ ನಡೆದು, ಆನೆ ಕಂದಕದ ಪಕ್ಕಕ್ಕೆ ತಿರುಗಿದರೆ ಕಾಡಂಚಿನ ಆ ಗಿರಿಜನರ ಹಾಡಿ ಸಿಗುತ್ತೆ. ಹದಿಮೂರು ವರ್ಷದಿಂದ ಆಶಾ ಕಾರ್ಯಕರ್ತೆ ಕೆಲಸ ಮಾಡ್ತಿದ್ದೀನಿ, ಆ ದಾರೀನ ಎಷ್ಟು ಸಲ ತುಳಿದಿದ್ದೀನೋ ಆ ಶಿವನಿಗೇ ಗೊತ್ತು. ಬಸುರಿ ಹೆಂಗಸರ ಬೆರಳು ಚುಚ್ಚಿ, ಒಂದು ತೊಟ್ಟು ರಕ್ತ ಮಲೇರಿಯಾ ಕಿಟ್ಟಿಗೆ ಹಾಕಿ, ಕಾಲು ಗಂಟೆ ಕಾಯೋದು ನನ್ನ ಕೆಲಸಗಳಲ್ಲಿ ಒಂದು. ಒಂದು ಗೆರೆ ಬಂದರೆ ಏನೂ ಇಲ್ಲ, ಜೊತೆಗೆ ಇನ್ನೊಂದು ಗೆರೆ ಮೂಡಿದರೆ ಮಲೇರಿಯಾ. ನನಗೆ ಸಿಗ್ತಿದ್ದಿದ್ದು ಯಾವಾಗಲೂ ಒಂದೇ ಗೆರೆ. ವರ್ಷಗಟ್ಟಲೆ ಒಂದೇ ಗೆರೆ ನೋಡ್ತಾ ಇದ್ದರೆ ಕಣ್ಣಿಗೂ ಸೋಮಾರಿತನ ಹತ್ತುತ್ತೆ, ಸುಳ್ಳು ಯಾಕೆ ಹೇಳಲಿ.

ಚುಚ್ಚೋದು ಕಷ್ಟ ಅಲ್ಲ, ಬಸುರಿ ಯಾರು ಅಂತ ತಿಳ್ಕೊಳ್ಳೋದು ಕಷ್ಟ. ನಮ್ಮ ಕಡೆ ಮೂರು ತಿಂಗಳು ತುಂಬೋ ತನಕ ಯಾರೂ ಬಾಯಿ ಬಿಡಲ್ಲ, ಕಣ್ಣು ಬೀಳುತ್ತೆ ಅಂತ. ನಾನೇನು ಕಮ್ಮಿನಾ? ನನ್ನ ಮಗಳು ಹೊಟ್ಟೇಲಿದ್ದಾಗ ನಾದಿನಿಗೂ ಹೇಳಿರಲಿಲ್ಲ. ಆಶಾ ಆದ ಮೇಲೆ ನಾನು ಬ್ಯಾಗ್ ಹಾಕ್ಕೊಂಡು ಒಂದು ಮನೆಗೆ ಹೋಗಿ ಬಂದರೆ ಸಾಕು, ಎದುರುಮನೆಯವಳು ಹೊರಗೆ ಬಂದು, "ಅವಳ್ಗೆ ಎಷ್ಟು ತಿಂಗ್ಳಂತೆ ಅಕ್ಕ?" ಅಂತ ಕೇಳೋಳು. ನಾನು ಬಂದೆ ಅಂದರೆ ಡಂಗುರ ಹೊಡೆದ ಹಾಗೆ. ಅದಕ್ಕೇ ನನ್ನ ತಲೆ ಕಂಡರೆ ಬಾಗಿಲು ಹಾಕ್ಕೊಳ್ಳೋರು.

ಕೊನೆಗೆ ನಾನೊಂದು ಉಪಾಯ ಮಾಡಿದೆ. ಮೊದಲ ಮನೆಯಿಂದ ಶುರು ಮಾಡಿ ಸಾಲಿಗೆಲ್ಲ ಚುಚ್ಚೋದು. ಅತ್ತೆ, ಸೊಸೆ, ಮುದುಕಿ, ಯಾರನ್ನೂ ಬಿಡೋ ಹಾಗಿಲ್ಲ. "ನನ್ನ ವಯಸ್ಸಿಗೆ ಬಸುರಾ ಕಣವ್ವಾ?" ಅಂತ ಹಲ್ಲಿಲ್ಲದ ಒಬ್ಬ ಅಜ್ಜಿ ಕೇಳಿದರೆ ಎಲ್ಲರೂ ಬಿದ್ದು ಬಿದ್ದು ನಗೋರು. ಆ ನಗುವಿನ ಮಧ್ಯೆ ನಿಜವಾದ ಬಸುರಿ ಯಾರಂತ ಯಾರಿಗೂ ಗೊತ್ತಾಗ್ತಿರಲಿಲ್ಲ. ಬಾಗಿಲುಗಳು ತೆರೆದವು. ನಾನೇ ನನ್ನ ಬೆನ್ನು ತಟ್ಟಿಕೊಂಡೆ.

ಅದೂ ಎಷ್ಟು ದಿನ? ರಿಜಿಸ್ಟರ್ ನೋಡಿದ ಮೇಲಿನ ಸಾಹೇಬರು ಮೀಟಿಂಗಲ್ಲಿ ಎಲ್ಲರ ಮುಂದೆ, "ಏನಮ್ಮ, ಹಾಡಿ ಮುದುಕಿಯರೆಲ್ಲ ಬಸುರಿಯರಾ? ಕಿಟ್ಟು ಬಸುರಿಯರಿಗೆ, ಜ್ವರ ಬಂದವರಿಗೆ ಅಷ್ಟೆ" ಅಂದರು. ಆಮೇಲೆ ನನಗೆ ಕಿಟ್ಟು ಎಣಿಸಿ ಕೊಡೋಕೆ ಶುರು ಮಾಡಿದರು. ಈಗೇನು ಮಾಡಲಿ? ಬಸುರಿಯರಿಗೆ ಮಾತ್ರ ಚುಚ್ಚಿದರೆ ಬಾಗಿಲು ಮತ್ತೆ ಮುಚ್ಚುತ್ತೆ. ಎಲ್ಲರಿಗೂ ಚುಚ್ಚಿದೆ, ಆದರೆ ಬಸುರಿಯ ರಕ್ತ ಮಾತ್ರ ಕಿಟ್ಟಿಗೆ ಹಾಕಿದೆ. ಉಳಿದವರ ರಕ್ತ ಹತ್ತಿಗೆ ಒರೆಸಿ ಚೀಲಕ್ಕೆ ಹಾಕಿ, ಹೋಗೋವಾಗ "ಏನಿಲ್ಲ, ಚೆನ್ನಾಗಿದ್ದೀಯ" ಅಂದುಬಿಡೋದು. ಸುಮ್ಮನೆ ಚುಚ್ಚಿದ್ದು. ಥೂ, ಬರೆಯೋಕೂ ನಾಚಿಕೆ ಆಗುತ್ತೆ.

ಸಾಲಿನ ಕೊನೇ ಮನೇಲಿ ಒಬ್ಬ ಅತ್ತೆ, ಒಬ್ಬ ಸೊಸೆ. ಸೊಸೆಗೆ ಎರಡು ಸಲ ನಾಲ್ಕನೇ ತಿಂಗಳಿಗೇ ಬಸುರು ಹೋಗಿಬಿಟ್ಟಿತ್ತು. ಇದು ಮೂರನೇದು, ಮನೆಯವರನ್ನ ಬಿಟ್ಟರೆ ನನಗೊಬ್ಬಳಿಗೇ ಗೊತ್ತು. ಅವತ್ತು ನಾನು ಅಲ್ಲಿಗೆ ಹೋಗೋಷ್ಟರಲ್ಲಿ ನೆತ್ತಿ ಸುಡ್ತಿತ್ತು, ಬ್ಯಾಗಲ್ಲಿ ಒಂದೇ ಒಂದು ಕಿಟ್ಟು ಉಳಿದಿತ್ತು. ಅತ್ತೆ ಬೇಕಂತಲೇ ಸಾಲಿಗೆಲ್ಲ ಕೇಳೋ ಹಾಗೆ, "ಮೊದ್ಲು ನಂದು ನೋಡವ್ವ" ಅಂತ ಬೆರಳು ಚಾಚಿದಳು, ಸೊಸೆ ಮೇಲೆ ಯಾರ ಕಣ್ಣೂ ಬೀಳದಿರಲಿ ಅಂತ. ಮಂಗಳೂರು ಕಡೆ ಕಟ್ಟಡದ ಕೆಲಸಕ್ಕೆ ಹೋದ ಕಿರೀ ಮಗನಿಗೆ ಅಡುಗೆ ಮಾಡಿ ಹಾಕೋಕೆ ಎರಡು ತಿಂಗಳು ಅಲ್ಲಿದ್ದು, ಆಗ ತಾನೆ ವಾಪಸ್ ಬಂದಿದ್ದಳು.

"ಒಂದಿನ ಬುಟ್ಟು ಒಂದಿನ ಚಳಿ ಆದಂಗಾಯ್ತದೆ ಕಣ್ ಮಗ" ಅಂದಳು.

ನಾನು ಕೇಳಿಸ್ಕೊಂಡೆ. ಕೇಳಿಸ್ಕೊಳ್ಳಲಿಲ್ಲ ಅಂತ ಹೇಳೋ ಹಾಗಿಲ್ಲ. ಮಂಗಳೂರು ಕಡೆ ಮಲೇರಿಯಾ ಜಾಸ್ತಿ ಅಂತಾನೂ ಗೊತ್ತಿತ್ತು. ಇವಳಿಗೆ ಕಿಟ್ಟು ಹಾಕಿದರೆ ಸೊಸೆಗಿಲ್ಲ, ನಾಳೆ ಇನ್ನೊಂದು ತಗೊಂಡು ಮತ್ತೆ ಇಷ್ಟು ದೂರ ನಡೆದು ಬರಬೇಕು. ನನ್ನ ಮಂಡಿ ಬೇಡ ಅಂತು. "ಬಸ್ಸಲ್ಲಿ ಬಂದ ಆಯಾಸ, ಏನಿಲ್ಲ ಬುಡವ್ವ" ಅಂದು ಅವಳ ರಕ್ತ ಹತ್ತಿಗೆ ಒರೆಸಿದೆ. ಸೊಸೆಯದನ್ನ ಕಿಟ್ಟಿಗೆ ಹಾಕಿದೆ. ಒಂದೇ ಗೆರೆ.

ಸುಮಾರು ಐದು ವಾರ ಆಗಿರಬೇಕು. ಸೊಸೆಗೆ ಜ್ವರ ಅಂತ ಫೋನ್ ಬಂತು. ಹೋದಾಗ ಅವಳು ಬಾಗಿಲಲ್ಲಿ ಕಂಬಳಿ ಸುತ್ತಿಕೊಂಡು ಹಲ್ಲು ಕಟಕಟ ಅನ್ನಿಸ್ತಾ ಕೂತಿದ್ದಳು. ಹೊಟ್ಟೆ ಆಗಲೇ ಕಾಣೋ ಹಾಗಿತ್ತು, ಮುಚ್ಚಿಡೋ ಮಾತೇ ಇಲ್ಲ. ಬೆರಳು ಚುಚ್ಚಿ ಕಾಯ್ತಾ ಕೂತೆ. ಮೊದಲನೇ ಗೆರೆ ಪಕ್ಕದಲ್ಲಿ ಇನ್ನೊಂದು ಗೆರೆ ನಿಧಾನಕ್ಕೆ ಎದ್ದು ಬಂತು.

ಕೋಟೆಯ ತಾಲ್ಲೂಕು ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಗಾಡಿಗೆ ಫೋನ್ ಮಾಡಿದೆ. ಅದು ಬರೋ ತನಕ ಅತ್ತೆಯ ಬಾಯಿ ನಿಲ್ಲಲಿಲ್ಲ. "ಕಾಡಂಚಿಗೆ ಸೌದೆಗೆ ಓಗ್ಬ್ಯಾಡ ಅಂತ ಬಡ್ಕೊಂಡೆ, ಕೇಳಿದ್ಲಾ? ಎರಡು ಕಳ್ಕೊಂಡಿದ್ದು ಸಾಲ್ದಾ? ಇದ್ನೂ ತಿನ್ಕೊಂಡ್ಲು!" ಅಂತ ಅಳ್ತಾ ಬೈತಿದ್ದಳು. ಸೇರಿದ್ದ ಹೆಂಗಸರೂ ತಲೆ ಆಡಿಸಿದರು. ಮನೇಲಿ ಬೇರೆ ಯಾರಿಗಾದರೂ ಚಳಿ ಜ್ವರ ಇತ್ತಾ ಅಂತ ಯಾರೋ ಕೇಳಿದ್ದಕ್ಕೆ ಅತ್ತೆ ನನ್ನ ಕಡೆ ಕೈ ತೋರಿಸಿ, "ನಂಗೇನಿಲ್ಲ ಬುಡಿ, ಅಕ್ಕನೇ ನನ್ನ ರಕ್ತ ನೋಡವ್ಳೆ" ಅಂದಳು. ಸೊಸೆ ತಲೆ ಎತ್ತಲೇ ಇಲ್ಲ. ತಪ್ಪು ತನ್ನದೇ ಅಂತ ಅವಳೂ ನಂಬಿಬಿಟ್ಟಿದ್ದಳು.

ಸುಮ್ಮನಿದ್ದಿದ್ದರೆ ನನಗೆ ಏನೂ ಆಗ್ತಿರಲಿಲ್ಲ, ಯಾವ ರಿಜಿಸ್ಟರಲ್ಲೂ ಅದು ಇರಲಿಲ್ಲ. ಆದರೆ ಬಗ್ಗಿದ ಆ ತಲೆ ನೋಡಿ ತಡೆಯೋಕಾಗಲಿಲ್ಲ. "ಇಲ್ಲ ಅವ್ವ, ನಾನು ನಿನ್ನ ರಕ್ತ ನೋಡಲಿಲ್ಲ. ಒರೆಸಿ ಎಸೆದೆ. ಸುಳ್ಳು ಹೇಳಿದೆ" ಅಂದೆ. ಹಲ್ಲಿಲ್ಲದ ಆ ಅಜ್ಜಿ ತನ್ನ ಬೆರಳನ್ನ ತಾನೇ ನೋಡಿಕೊಂಡಳು.

ಅತ್ತೆ ಅಳು ನಿಲ್ಲಿಸಿ ಬೆರಳು ಚಾಚಿದಳು. "ಅಂಗಾರೆ ಈಗ ನೋಡು" ಅಂದಳು. ಅವಳದ್ದರಲ್ಲೂ ಎರಡು ಗೆರೆ. ಅವಳನ್ನ ಕಚ್ಚಿದ ಸೊಳ್ಳೆಯೇ ಸೊಸೆಯನ್ನೂ ಕಚ್ಚಿರಬೇಕು. ಅದನ್ನ ದಿಟ್ಟಿಸಿ ನೋಡಿ, ಮೆಲ್ಲಗೆ, "ಅಂಗಾರೆ ಹೊಟ್ಟೇಲಿರೋ ಮಗೀಗೆ ನಾನೇ ಕೊಟ್ನಾ?" ಅಂತ ಕೇಳಿದಳು. ಅಯ್ಯೋ, ಸೊಸೆಯ ತಲೆ ಮೇಲಿದ್ದ ಹೊರೆ ತೆಗೆದು ಈ ಮುದುಕಿ ತಲೆ ಮೇಲೆ ಮಡಗಿದೆನಲ್ಲಾ ಅನ್ನಿಸಿತು. "ನೀನಲ್ಲ ಕಣವ್ವ, ನಾನು" ಅಂದೆ. ಅವಳು ನಂಬಿದಳೋ ಇಲ್ಲವೋ. ಗಾಡಿ ಬಂತು, ಇಬ್ಬರೂ ಹತ್ತಿದರು, ಸೊಸೆ ಕಾಲಿಗೆ ಅತ್ತೆ ಕಂಬಳಿ ಸರಿಯಾಗಿ ಹೊದಿಸ್ತಾ ಇದ್ದಳು.

ಎಲ್ಲಿಂದ ಬಂತು ಅಂತ ಖಚಿತವಾಗಿ ಹೇಳೋಕಾಗಲ್ಲ ಅಂದರು ಡಾಕ್ಟರು. ನನ್ನ ಸಮಾಧಾನಕ್ಕೆ ಹೇಳಿದರೇನೋ. ಸಾಹೇಬರ ಹತ್ರಾನೂ ಎಲ್ಲ ಒಪ್ಪಿಕೊಂಡೆ, ಬೈಸಿಕೊಂಡೆ. ಮಗು ದಿನ ತುಂಬೋ ಮುಂಚೆ ಹುಟ್ಟಿತು, ತೂಕ ತುಂಬಾ ಕಮ್ಮಿ. ವಾರಗಟ್ಟಲೆ ಆಸ್ಪತ್ರೆಯಲ್ಲಿಟ್ಟುಕೊಂಡು ಉಳಿಸಿದರು. ಹಾಡಿಯಲ್ಲಿ ಈಗ ಕೆಲವು ಬಾಗಿಲು ಮತ್ತೆ ಮುಚ್ಚಿವೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ ಅಂತಾರಲ್ಲ, ನಂದು ಒಂದು ಕಿಟ್ಟಿಗೆ ಹೋಯಿತು.

ಹೋದ ತಿಂಗಳು ಮಗು ತೂಗೋಕೆ ಹೋಗಿದ್ದೆ. ಹೆಣ್ಣುಮಗು, ಕಡ್ಡಿ ಕಾಲು, ಬಾಯಿ ಮಾತ್ರ ಜೋರು. ಮುದುಕಿಗೆ ಮತ್ತೆ ಜ್ವರ ಬಂದಿತ್ತಂತೆ. ಮಗೂನ ಸೊಸೆ ಕೈಗೆ ಕೊಟ್ಟು ನನ್ನ ಎದುರಿಗೆ ಕೂತು ಬೆರಳು ಚಾಚಿದಳು.

"ಈ ಸಲ ನೋಡ್ತೀಯ ತಾನೆ, ಮಗ?" ಅಂದಳು.

ಕೋಪದಲ್ಲಿ ಕೇಳಲಿಲ್ಲ, ಗೊತ್ತಿಲ್ಲದವರು ಬಸ್ ಬರುತ್ತಾ ಅಂತ ಕೇಳ್ತಾರಲ್ಲ ಹಾಗೆ ಕೇಳಿದಳು. ನಾನು ರಕ್ತಾನ ಕಿಟ್ಟಿಗೆ ಹಾಕಿ, ಅದನ್ನ ನಮ್ಮಿಬ್ಬರ ಮಧ್ಯೆ ನೆಲದ ಮೇಲಿಟ್ಟೆ. ಕಾಲು ಗಂಟೆ ಇಬ್ಬರೂ ಅದನ್ನೇ ನೋಡ್ತಾ ಕೂತಿದ್ದೆವು.