ಕೆಂಪು ದಾರದ ಕೀಲಿಕೈ

ನಿನ್ನೆ ಅಂಗಡಿಯ ಮೇಜು ಒರೆಸುವಾಗ ಖಾನೆಯ ಮೂಲೆಯಲ್ಲಿ ಕೆಂಪು ದಾರದ ಕೀಲಿಕೈ ಸಿಕ್ಕಿತು. ಅದಕ್ಕೂ ಮೆಣಸಿನಕಾಯಿ ಘಾಟು. ನಾಲ್ಕು ಸಲ ಸೀನಿದೆ. ಬ್ಯಾಡಗಿಯಲ್ಲೇ ಹುಟ್ಟಿ, ಮೆಣಸಿನಕಾಯಿ ವ್ಯಾಪಾರಸ್ಥರ ಮನೆಗೇ ಸೊಸೆಯಾದವಳು ಇನ್ನೂ ಸೀನುತ್ತಾಳೆಂದು ನಗಬೇಡಿ.

ಅದು ಅಂಗಡಿಯ ಹಿಂದಿನ ಪಾಯಖಾನೆಯದು. ನನ್ನ ಸ್ವಚ್ಛತೆಯ ಹುಚ್ಚು ಓಣಿಗೆಲ್ಲ ಗೊತ್ತು. ಬಿಳಿ ಟೈಲ್ಸ್ ಹಾಕಿಸಿದ್ದೆ. ಮೆಣಸಿನಕಾಯಿಯ ತೊಟ್ಟು ಬಿಡಿಸಲು ಬರುವ ಹೆಂಗಸರು ಹೊಲಸು ಮಾಡಿಯಾರೆಂದು ಬೀಗ ಜಡಿದು, ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. ಕೇಳಿದರೆ ಕೊಡುತ್ತಿದ್ದೆ, ಮುಖ ಗಂಟಿಕ್ಕಿಕೊಂಡು. ಅಂಥವಳನ್ನು ಯಾರು ಎರಡನೇ ಸಲ ಕೇಳುತ್ತಾರೆ, ನೀವೇ ಹೇಳಿ.

ಆ ಹೆಂಗಸರಲ್ಲಿ ಗಂಗವ್ವ ಹಿರಿಯಳು. ಬಾಯಿ ಜೋರು, ಕೈ ಅದಕ್ಕಿಂತ ಚುರುಕು. ಸಂಜೆತನಕ ಹನಿ ನೀರು ಮುಟ್ಟುತ್ತಿರಲಿಲ್ಲ.

“ಯಾಕ ಗಂಗವ್ವ, ನೀರ ಕುಡಿಯೂದಿಲ್ಲೇನ?”

“ಕುಡದ್ರ ಎದ್ದ ಹೋಗಬೇಕಲ್ರೀ ಅಕ್ಕಾರ. ಕುಡಿಯೂದೂ ಬ್ಯಾಡ, ಏಳೂದೂ ಬ್ಯಾಡ.”

ಅವಳು ನಕ್ಕಳು, ನಾನೂ ನಕ್ಕೆ. ಕೀಲಿಕೈ ನನ್ನ ಸೊಂಟದಲ್ಲೇ ಇತ್ತು.

ಹೋದ ವರ್ಷ ಬೇಸಿಗೆಯಲ್ಲಿ ಒಂದು ದಿನ ಹತ್ತಿರ ಬಂದು ಪಿಸುಗುಟ್ಟಿದಳು: “ಒಂದಕ್ಕ ಹೋದ್ರ ಉರೀತೈತ್ರಿ. ಗಳಿಗಿಗೊಮ್ಮೆ ಬಂದಂಗ ಅಕ್ಕೈತಿ, ನಾಕ ಹನಿ ಬೀಳೂದಿಲ್ಲ.”

ನಾನೆಂಥ ವೈದ್ಯಳು! “ಖಾರದ ಕೈ ತೊಳೀದ ಹೋಗಿರ್ತಿ, ಅದಕ್ಕ ಉರೀತೈತಿ. ಮಜ್ಜಿಗಿ ಕುಡಿ,” ಎಂದೆ. ನಮ್ಮೂರಲ್ಲಿ ಏನೇ ಉರಿದರೂ ಮೆಣಸಿನಕಾಯಿಯ ತಲೆಗೆ ಕಟ್ಟುವುದು ರೂಢಿ. ಅವಳೂ ನಂಬಿದಳು. ಖಾರದ ಉರಿ ತಾಸೆರಡು ತಾಸಿನಲ್ಲಿ ಇಳಿಯುತ್ತದೆ, ದಿನಗಟ್ಟಲೆ ಉಳಿಯುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿದ್ದದ್ದೇ. ಯೋಚಿಸಲಿಲ್ಲ, ಅಷ್ಟೇ.

ಎಂಟನೆಯ ದಿನ ರಾಶಿಯ ಮುಂದೆಯೇ ಗಡಗಡ ನಡುಗತೊಡಗಿದಳು. ಮೈ ಕೆಂಡ, ಪಕ್ಕೆಯಲ್ಲಿ ನೋವು, ವಾಂತಿ. ರಾಣೆಬೆನ್ನೂರಿನ ಆಸ್ಪತ್ರೆಗೆ ಕರೆದೊಯ್ದೆ. ಮೂತ್ರ ಪರೀಕ್ಷೆ ಮಾಡಿಸಿದ ಡಾಕ್ಟರಮ್ಮ ನನ್ನತ್ತ ತಿರುಗಿದರು. “ಉರಿ ಸುರು ಆದಾಗನ ಯಾಕ ಕರಕೊಂಡ ಬರಲಿಲ್ರಿ? ಸೋಂಕು ಕಿಡ್ನಿಗೆ ಏರೇತಿ. ಸಕ್ಕರಿ ಬ್ಯಾರೆ ಐತಿ. ನೀರ ಕುಡೀದ, ತಡಕೊಂಡ ಕುಂತ್ರ ಹಿಂಗ ಆಗೂದು.”

“ಅಕ್ಕಾರ್ದೇನ ತಪ್ಪಿಲ್ರಿ,” ಎಂದಳು ಗಂಗವ್ವ, ಆ ಜ್ವರದಲ್ಲೂ. “ನಾನ ಕೀಲಿಕೈ ಕೇಳೂದ ಬಿಟ್ಟಿದ್ದೆ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಜೀವ ಉಳಿಯಿತು, ಕೀವು ತುಂಬಿದ್ದ ಒಂದು ಕಿಡ್ನಿ ತೆಗೆಯಬೇಕಾಯಿತು.

ಆಸ್ಪತ್ರೆಯಿಂದ ನಾನು ಮರಳಿ ಬಂದ ದಿನವೇ ಬೀಗ ಕಿತ್ತೆಸೆದೆ. ಬಾಗಿಲ ಪಕ್ಕ ಸಬಕಾರ, ಪಡಸಾಲೆಯಲ್ಲಿ ಕುಡಿಯುವ ನೀರು. ನೀರು ಕುಡಿಯಿರಿ, ತಡೆದುಕೊಳ್ಳಬೇಡಿ, ಉರಿದರೆ ಅಂದೇ ಹೇಳಿ ಎಂದು ದಿನಾ ಗಂಟಲು ಹರಿದುಕೊಳ್ಳುತ್ತೇನೆ. ನನ್ನ ಹೊಸ ಹುಚ್ಚಿಗೆ ಹೆಂಗಸರು ನಗುತ್ತಾರೆ.

ನಿನ್ನೆ ಆ ಕೀಲಿಕೈ ಹಿಡಿದು ಕೂತಿದ್ದಾಗಲೇ ಗಂಗವ್ವ ಬಂದಳು. ಕಾಯಿಲೆಯ ನಂತರ ಅಂಗಡಿಗೆ ಬಂದದ್ದು ಇದೇ ಮೊದಲು, ಸೊರಗಿದ್ದಾಳೆ. ಚಹಾ ಕುಡಿದು, ಅದೂ ಇದೂ ಮಾತಾಡಿ, ಸ್ವಲ್ಪ ಹೊತ್ತಿಗೆ ಎದ್ದು ನಿಂತಳು. ನನ್ನ ಕೈಯಲ್ಲಿದ್ದ ಕೆಂಪು ದಾರ ನೋಡಿದಳು.

“ಅಕ್ಕಾರ, ಸಿಟ್ಟಾಗಬ್ಯಾಡ್ರಿ... ಒಂದ ಗಳಿಗಿ ಕೀಲಿಕೈ ಕೊಡ್ತೀರೇನ್ರಿ?”

ಬೀಗವೇ ಇಲ್ಲವೆಂದು ಅವಳಿಗೇನು ಗೊತ್ತು! ಕೀಲಿಕೈ ಮೇಜಿನ ಮೇಲೆಯೇ ಬಿಟ್ಟೆ. ಅವಳ ಕೈ ಹಿಡಿದು ಹಿಂದಕ್ಕೆ ಕರೆದುಕೊಂಡು ಹೋದೆ.